ಹಳೇ ಊರೊಳಗಿನ ಗಲ್ಲಿ ಮನೆ: ನಾಲ್ಕು ವರ್ಷ ಬಾಡಿಗೆಗಿದ್ದು ಬರೀತಿರೋ ರಿವ್ಯೂ

ಮಿಕ್ಸಿ ತಗೊಳ್ಳೋಕೆ ಮುಂಚೆ ಇನ್ನೂರು ಜನರ ರಿವ್ಯೂ ಓದ್ತೀವಿ, ಫ್ಯಾನ್ ತಗೊಳ್ಳೋಕೆ ಮುಂಚೆ ಅದರ ಸದ್ದು ಹೇಗಿರತ್ತೆ ಅಂತ ವಿಡಿಯೋ ಹಾಕ್ಕೊಂಡು ಕೇಳ್ತೀವಿ, ಆದ್ರೆ ವರ್ಷಗಟ್ಟಲೆ ಇರಬೇಕಾದ ಮನೆ, ಅದಕ್ಕಿಂತ ಮುಖ್ಯವಾಗಿ ಆ ಮನೆ ಇರೋ ಬೀದಿ, ಅದನ್ನ ಮಾತ್ರ ಒಂದು ಭಾನುವಾರ ಮಧ್ಯಾಹ್ನ ಇಪ್ಪತ್ತು ನಿಮಿಷ ನೋಡಿ ಅಡ್ವಾನ್ಸ್ ಕೊಟ್ಟು ಬಂದ್ಬಿಡ್ತೀವಿ. ನಾವೂ ಹಾಗೇ ಮಾಡಿದ್ದು. ಈಗ ನಾಲ್ಕು ವರ್ಷ ಆಗಿದೆ, ಮಳೆಗಾಲ ನಾಲ್ಕು ಕಂಡಿದೀವಿ, ಬೇಸಿಗೆ ನಾಲ್ಕು ಕಳೆದಿದೀವಿ, ಹಾಗಾಗಿ ಹಳೇ ಊರೊಳಗಿನ ಇಕ್ಕಟ್ಟು ಗಲ್ಲಿಲಿ, ಗಾಡಿ ಇಲ್ದೆ ಎಲ್ಲಾ ಕಡೆ ನಡ್ಕೊಂಡೇ ಹೋಗೋ ಜಾಗದಲ್ಲಿ ಮನೆ ಮಾಡ್ಬೇಕು ಅಂತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಮೊದಲೇ ನನ್ನ ಮಾರ್ಕ್ಸ್ ಹೇಳ್ಬಿಡ್ತೀನಿ, ಮನೆಗೆ 5ಕ್ಕೆ 3, ಬೀದಿಗೆ 5ಕ್ಕೆ 5. ಯಾಕೆ ಎರಡನ್ನೂ ಬೇರೆ ಬೇರೆ ಮಾಡಿದೀನಿ ಅಂತ ಓದ್ತಾ ಹೋದ್ರೆ ಗೊತ್ತಾಗತ್ತೆ.

ಮನೇಲಿ ನಾವು ನಾಲ್ಕು ಜನ. ನಾನು, ನಮ್ಮ ಮನೆಯವರು, ಹತ್ತು ವರ್ಷದ ಮಗಳು, ಎಪ್ಪತ್ತೈದು ವರ್ಷದ ಅಮ್ಮ. ಮುಂಚೆ ಇದ್ದಿದ್ದು ಊರ ಹೊರಗಿನ ದೊಡ್ಡ ಅಪಾರ್ಟ್‌ಮೆಂಟಲ್ಲಿ, ಲಿಫ್ಟು, ಪಾರ್ಕಿಂಗು, ಒಳಗೇ ಪಾರ್ಕು, ಎಲ್ಲಾ ಇತ್ತು, ಆದ್ರೆ ಗೇಟ್ ದಾಟಿದ್ರೆ ಹೈವೇ ಪಕ್ಕದ ಸರ್ವಿಸ್ ರಸ್ತೆ, ಫುಟ್‌ಪಾತ್ ಇಲ್ಲ, ಹತ್ರದ ಔಷಧಿ ಅಂಗಡಿ ಎರಡು ಕಿಲೋಮೀಟರ್ ದೂರ. ನಂಗೆ ಅದು ತೊಂದ್ರೆ ಅನ್ಸಿರ್ಲಿಲ್ಲ ಯಾಕಂದ್ರೆ ನನ್ನ ಹತ್ರ ಸ್ಕೂಟರ್ ಇತ್ತು. ಅಮ್ಮಂಗೆ ಏನ್ ಬೇಕಾದ್ರೂ ನಂಗೆ ಹೇಳ್ಬೇಕಿತ್ತು, ಮಗಳು ಎಲ್ಲಿಗೆ ಹೋಗ್ಬೇಕಂದ್ರೂ ನಾವೇ ಕರ್ಕೊಂಡು ಹೋಗ್ಬೇಕಿತ್ತು. ಅಮ್ಮ ಏನೂ ಕೇಳೋದನ್ನೇ ನಿಲ್ಲಿಸ್ಬಿಟ್ಟಿದ್ರು, ಅದು ನಂಗೆ ಅರ್ಥ ಆಗಿದ್ದು ಇಲ್ಲಿಗೆ ಬಂದ್ಮೇಲೆ.

ಬಂದು ಮೂರನೇ ವಾರ ಇರ್ಬೇಕು. ಬೆಳಿಗ್ಗೆ ನಾನು ಆಫೀಸಿಗೆ ಹೊರಡೋ ಗಡಿಬಿಡಿಲಿದ್ದೆ, ಅಮ್ಮನ ಕನ್ನಡಕದ ಕಡ್ಡಿ ಕಳಚಿ ಕೈಗೆ ಬಂತು, ಸ್ಕ್ರೂ ಎಲ್ಲೋ ಬಿದ್ದೋಗಿತ್ತು. ಮುಂಚಿನ ಮನೇಲಾಗಿದ್ರೆ ಶನಿವಾರದ ತನಕ ದಾರ ಕಟ್ಕೊಂಡು ಇರ್ತಿದ್ರು. ನಾನು ಸಂಜೆ ಬಂದು ಮಾಡ್ಸಿಕೊಡ್ತೀನಿ ಅಮ್ಮ ಅಂದೆ. "ನೀ ಹೋಗು, ಆ ಮೂಲೆಲಿ ಗಡಿಯಾರ ರಿಪೇರಿ ಅಂಗಡಿ ಇದೆಯಲ್ಲ, ಅವ್ರ ಹತ್ರ ಸಣ್ಣ ಸ್ಕ್ರೂ ಇರತ್ತೆ, ಕೇಳ್ಕೊಂಡ್ ಬರ್ತೀನಿ" ಅಂದ್ರು. ನಾನು ಹಿಂದೆನೇ ಹೊರಟು ಮೂಲೆಲಿ ನಿಂತು ನೋಡ್ದೆ. ಕನ್ನಡಕ ಇಲ್ದೆ, ಎಡಗೈ ಗೋಡೆ ಮೇಲಿಟ್ಕೊಂಡು, ಗೋಡೆನ ಸವರಿಕೊಂಡೇ ನಿಧಾನಕ್ಕೆ ಹೋದ್ರು, ಗಲ್ಲಿ ದಾಟಿದ್ರು, ಅಂಗಡಿ ಮೆಟ್ಟಿಲ ಮೇಲೆ ಕೂತ್ರು. ಅಂಗಡಿಯವ್ರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಚಿಮುಟದಲ್ಲಿ ಸ್ಕ್ರೂ ಹಿಡಿದು ಕೂರಿಸಿ, ಕನ್ನಡಕನ ತಮ್ಮ ಅಂಗಿ ತುದಿಲಿ ಒರೆಸಿ ಕೊಟ್ರು. ಒಟ್ಟು ಹತ್ತು ನಿಮಿಷ. ಅಮ್ಮ ವಾಪಸ್ ಬರ್ತಾ ನಂಗೆ ಕಾಣಿಸ್ದಾಗ "ಇನ್ನೂ ಇಲ್ಲೇ ನಿಂತಿದೀಯಾ, ಲೇಟ್ ಆಗಲ್ವಾ" ಅಂತ ಬೈದ್ರು. ಎಷ್ಟೋ ವರ್ಷದ ಮೇಲೆ ತಮ್ಮ ಕೆಲಸನ ತಾವೇ ಹೋಗಿ ಮಾಡ್ಕೊಂಡು ಬಂದಿದ್ರು. ಬೀದಿಗೆ 5ಕ್ಕೆ 5 ಕೊಟ್ಟಿದ್ದು ಅವತ್ತಿಂದ.

ಜನ ಹಳೇ ಬಡಾವಣೆ ಅಂದ ತಕ್ಷಣ ಚಂದ, ಕಂಬ, ಕೆತ್ತನೆ, ಫೋಟೋ ಅಂತ ಶುರು ಮಾಡ್ತಾರೆ. ಚಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ಇರೋರಿಗೆ ಸಿಗೋ ನಿಜವಾದ ಲಾಭ ಅಳತೆದು. ಈ ಊರೊಳಗನ್ನ ಕಟ್ಟಿದ ಕಾಲದಲ್ಲಿ ಎಲ್ರೂ ಕಾಲಲ್ಲೇ ಓಡಾಡ್ತಿದ್ರು, ಹಾಗಾಗಿ ಎಲ್ಲಾನೂ ಕಾಲಿಗೆ ಎಟುಕೋ ಹಾಗೆ ಇಟ್ರು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಲೆಕ್ಕ ತೋರಿಸಿದ್ರು, ಮನುಷ್ಯ ಯಾವ ಕಾಲದಲ್ಲೂ ದಿನಕ್ಕೆ ಸುಮಾರು ಒಂದು ಗಂಟೆ ಓಡಾಟಕ್ಕೆ ಕಳೀತಾನೆ, ನಡಿಗೆ ಗಂಟೆಗೆ 5 ಕಿಲೋಮೀಟರ್ ಅಂದ್ರೆ ಕಾಲ್ನಡಿಗೆ ಕಾಲದ ಊರುಗಳು ಅಡ್ಡಗಲ 5 ಕಿಲೋಮೀಟರ್ ದಾಟ್ತಿರ್ಲಿಲ್ಲ ಅಂತ. ಮೊರಾಕೋದ ಫೆಜ್ ಆಗ್ಲಿ, ವೆನಿಸ್ ಆಗ್ಲಿ, ಅಹಮದಾಬಾದಿನ ಪೋಳ್ ಅನ್ನೋ ಹಳೇ ಕೇರಿಗಳಾಗ್ಲಿ, ನೋಡೋಕೆ ಒಂದಕ್ಕೊಂದು ಸಂಬಂಧ ಇಲ್ದೇ ಇದ್ರೂ ಒಳಗೆ ಹೊಕ್ಕಿದ್ರೆ ಅಳತೆ ಒಂದೇ ಥರ ಅನ್ಸೋದು ಇದಕ್ಕೇ. ಫೆಜ್, ಅಹಮದಾಬಾದಿನಂಥ ಬಿಸಿಲಿನ ಊರಲ್ಲಿ ಗಲ್ಲಿ ಇಕ್ಕಟ್ಟಾಗಿರೋದು ಜಾಗ ಇಲ್ದೆ ಮಾತ್ರ ಅಲ್ಲ, ಎದುರು ಬದುರು ಮನೆ ಒಂದಕ್ಕೊಂದು ನೆರಳು ಕೊಡ್ಲಿ ಅಂತಲೂ ಹೌದು.

ನಮ್ಮ ಗಲ್ಲಿಲಿ ಒಂದು ತಿರುವಿಂದ ಇನ್ನೊಂದು ತಿರುವಿಗೆ ನನ್ನ ಹೆಜ್ಜೆಲಿ ತೊಂಬತ್ತು. ಇದು ಸಣ್ಣ ವಿಷಯ ಅಲ್ಲ. ಅಮೆರಿಕದ ಜೇನ್ ಜೇಕಬ್ಸ್ ಅಂತ ಒಬ್ರು ಲೇಖಕಿ, ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಹಳೇ ಬೀದಿಲಿ ಮನೆ ಮಾಡ್ಕೊಂಡು, ಕಿಟಕಿಯಿಂದ ಬೀದಿ ನೋಡ್ತಾ ನೋಡ್ತಾ 1961ರಲ್ಲಿ ಬರೆದಿದ್ದು ಇದನ್ನೇ. ಬೀದಿ ತಿರುವುಗಳು ಹತ್ತಿರ ಹತ್ತಿರ ಇರ್ಬೇಕು, ಒಂದೇ ಬೀದಿಲಿ ಮನೆ ಅಂಗಡಿ ಕೆಲಸ ಎಲ್ಲಾ ಬೆರೆತಿರ್ಬೇಕು, ಹಳೇ ಕಟ್ಟಡ ಹೊಸ ಕಟ್ಟಡ ಜೊತೆಗಿರ್ಬೇಕು, ಜನ ಸಾಕಷ್ಟು ಇರ್ಬೇಕು, ಆಗ ಬೀದಿ ತಾನಾಗೇ ಜೀವಂತ ಇರತ್ತೆ ಅಂತ. ಹಳೇ ಕಟ್ಟಡ ಯಾಕೆ ಬೇಕು ಅನ್ನೋದಕ್ಕೆ ಅವ್ರು ಕೊಟ್ಟ ಕಾರಣ ನಂಗೆ ತುಂಬಾ ಇಷ್ಟ, ಹೊಸ ಕಟ್ಟಡದ ಬಾಡಿಗೆ ಕಟ್ಟೋಕೆ ಸಣ್ಣ ವ್ಯಾಪಾರಕ್ಕೆ ಆಗಲ್ಲ, ಹಳೇದರಲ್ಲಿ ಆಗತ್ತೆ. ನಮ್ಮ ಗಡಿಯಾರದ ಅಂಗಡಿ ಅಗಲ ಎಷ್ಟು ಗೊತ್ತಾ, ಅವ್ರು ಕೈ ಎರಡೂ ಚಾಚಿದ್ರೆ ಎರಡೂ ಗೋಡೆ ಸಿಗತ್ತೆ. ಅಂಥ ಅಂಗಡಿಗೆ ಮಾಲ್‌ನಲ್ಲಿ ಜಾಗ ಎಲ್ಲಿಂದ ಬರ್ಬೇಕು. ಅದೇ ಸಾಲಲ್ಲಿ ಬೀಗದ ಕೈ ಮಾಡೋರು, ಬಟ್ಟೆ ಆಲ್ಟರ್ ಮಾಡೋರು, ಛತ್ರಿ ಚಪ್ಪಲಿ ರಿಪೇರಿ, ಒಂದು ಸಣ್ಣ ಕ್ಲಿನಿಕ್ಕು, ಬುಕ್ ಬೈಂಡಿಂಗು. ಮುರಿದ ವಸ್ತು ಬಿಸಾಕೋದು ನಮ್ಮನೇಲಿ ಅರ್ಧಕ್ಕೆ ಅರ್ಧ ಕಮ್ಮಿ ಆಗಿದೆ, ಸರಿ ಮಾಡೋರು ಬಾಗಿಲಲ್ಲೇ ಇದ್ದಾರೆ ಅಂತ.

ಇನ್ನೊಂದು ಲೆಕ್ಕ ಹೇಳ್ತೀನಿ, ವಯಸ್ಸಾದೋರು ಮನೇಲಿರೋರು ದಯವಿಟ್ಟು ಗಮನಿಸಿ. ರಸ್ತೆ ದಾಟೋ ಸಿಗ್ನಲ್ ಟೈಮು ಹಾಕೋವಾಗ ಎಷ್ಟೋ ದೇಶಗಳಲ್ಲಿ ಜನ ಸೆಕೆಂಡಿಗೆ 1.2 ಮೀಟರ್ ನಡೀತಾರೆ ಅಂತ ಹಿಡ್ಕೊಂಡು ಬಂದಿದಾರೆ. ನಾನು ಅಮ್ಮನ ನಡಿಗೆ ಅಳೆದು ನೋಡ್ದೆ, ಸೆಕೆಂಡಿಗೆ 0.8 ಮೀಟರ್. ಅಂದ್ರೆ 12 ಮೀಟರ್ ರಸ್ತೆಗೆ ಸಿಗ್ನಲ್ಲು ಹತ್ತು ಸೆಕೆಂಡ್ ಕೊಡತ್ತೆ, ಅಮ್ಮಂಗೆ ಹದಿನೈದು ಬೇಕು, ಕೊನೇ ಐದು ಸೆಕೆಂಡು ಅವ್ರು ಗಾಡಿಗಳ ಮಧ್ಯೆ ಇರ್ತಾರೆ. ಮುಂಚಿನ ಮನೆ ಹತ್ರ ಅವ್ರು ರಸ್ತೆ ದಾಟೋಕೆ ಹೆದರ್ತಿದ್ದಾಗ ನಾನು ಸುಮ್ನೆ ಭಯ ಪಡ್ತೀರ ಅಂತಿದ್ದೆ, ಅವ್ರ ಭಯಕ್ಕೆ ಲೆಕ್ಕದಲ್ಲೇ ಕಾರಣ ಇತ್ತು. ಇಲ್ಲಿ ಗಲ್ಲಿ ಅಗಲ ನಾಲ್ಕು ಮೀಟರು. ಐದು ಸೆಕೆಂಡಿಗೆ ಆ ಕಡೆ.

ಈಗ ಮನೆ ವಿಷಯಕ್ಕೆ ಬರ್ತೀನಿ, ಮೂರು ಮಾರ್ಕ್ಸ್ ಯಾಕೆ ಅಂತ. ನಮ್ಮದು ಇಟ್ಟಿಗೆ ಮತ್ತೆ ಸುಣ್ಣದ ಗಾರೆಲಿ ಕಟ್ಟಿರೋ ಮನೆ, ಕೆಳಗೆ ಎರಡು ಕೋಣೆ, ಮೇಲೆ ಎರಡು, ಗೋಡೆ ಒಂದೂವರೆ ಅಡಿ ದಪ್ಪ. ಕೆಳಗಿನ ಕೋಣೇಲಿ ಅಮ್ಮನ ಮಂಚ. ಮೊದಲನೇ ಮಳೆಗಾಲದಲ್ಲೇ ಮಂಚದ ಪಕ್ಕದ ಗೋಡೆ ಮೊಣಕಾಲೆತ್ತರದ ತನಕ ಕಪ್ಪಗಾಗಿ, ಬೂಷ್ಟು ವಾಸನೆ ಶುರುವಾಯ್ತು. ಓನರ್ ಒಳ್ಳೇವ್ರು, ಹೇಳಿದ ವಾರದಲ್ಲೇ ಒಬ್ರು ಕಾಂಟ್ರಾಕ್ಟರ್‌ನ ಕಳಿಸಿದ್ರು. ಅವ್ರು ಬಂದು ಹಳೇ ಗಿಲಾವು ಕಿತ್ತು, ಗಟ್ಟಿಯಾಗಿ ಸಿಮೆಂಟ್ ಗಿಲಾವು ಮಾಡಿ, ಅದರ ಮೇಲೆ ವಾಟರ್‌ಪ್ರೂಫ್ ಪೇಂಟು ಎರಡು ಕೋಟ್ ಹೊಡೆದು ಹೋದ್ರು. ನೋಡೋಕೆ ನುಣ್ಣಗೆ, ಹೊಸ ಗೋಡೆ ಥರ. ಮುಂದಿನ ಮಳೆಗಾಲಕ್ಕೆ ಒದ್ದೆ ಮೊಣಕಾಲಿಂದ ಸೊಂಟದ ತನಕ ಹತ್ತಿತ್ತು. ಪೇಂಟು ಬೊಬ್ಬೆ ಬೊಬ್ಬೆ ಎದ್ದು, ಬೆರಳಲ್ಲಿ ಒತ್ತಿದ್ರೆ ಒಳಗಿಂದ ನೀರು ಬರ್ತಿತ್ತು, ಅಮ್ಮಂಗೆ ಕೆಮ್ಮು ಬಿಡಲೇ ಇಲ್ಲ, ಕೊನೆಗೆ ಮಂಚನ ಮೇಲೆ ಸಾಗಿಸಿದ್ವಿ, ಆಮೇಲೆ ಅವ್ರಿಗೆ ದಿನಕ್ಕೆ ಹತ್ತು ಸಲ ಆ ಕಡಿದಾದ ಮೆಟ್ಟಿಲು ಹತ್ತಿ ಇಳಿಯೋ ಕೆಲಸ.

ಆಮೇಲೆ ಬುಕ್ ಬೈಂಡಿಂಗ್ ಅಂಗಡಿಯವ್ರೇ ಒಬ್ರು ವಯಸ್ಸಾದ ಮೇಸ್ತ್ರಿನ ಕರ್ಕೊಂಡು ಬಂದ್ರು. ಅವ್ರು ಯಾವ ಮೆಷಿನ್ನೂ ತಂದಿರ್ಲಿಲ್ಲ. ಬೆರಳ ಗಿಣ್ಣಲ್ಲಿ ಗೋಡೆನ ಕೆಳಗಿಂದ ಮೇಲಕ್ಕೆ ತಟ್ಕೊಂಡು ಹೋದ್ರು, ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಖಾಲಿ ಡಬ್ಬಿ ತಟ್ಟಿದ ಹಾಗೆ ಡಬ್ ಡಬ್. "ನೋಡಮ್ಮ, ಇಲ್ಲೆಲ್ಲಾ ಗಿಲಾವು ಗೋಡೆ ಬಿಟ್ಟಿದೆ" ಅಂತ ಹೇಳಿ ಒಂದು ತುಂಡು ಎಬ್ಬಿಸಿದ್ರು, ಅದರ ಹಿಂದೆ ಇಟ್ಟಿಗೆ ಮುಖನೇ ಪುಡಿ ಪುಡಿಯಾಗಿ ಉದುರ್ತು, ಬಿಳೀ ಉಪ್ಪಿನ ಪದರ ಬೆರಳಿಗೆ ಅಂಟ್ತು. ಅವ್ರು ವಿವರಿಸಿದ್ದು ಇಷ್ಟು. ಹಳೇ ಗೋಡೆಗೆ ತಳದಲ್ಲಿ ನೀರು ತಡೆಯೋ ಪದರ ಇರಲ್ಲ, ನೆಲದ ತೇವ ಸ್ವಲ್ಪ ಸ್ವಲ್ಪ ಮೇಲೆ ಏರತ್ತೆ, ಏರಿದ್ದು ಸುಣ್ಣದ ಗಾರೆ ಮೂಲಕ ಗಾಳಿಗೆ ಆರಿ ಹೋಗತ್ತೆ, ಅದೇ ಅದರ ವ್ಯವಸ್ಥೆ. ಸಿಮೆಂಟು ಆ ಬಾಗಿಲು ಮುಚ್ಚಿಬಿಡತ್ತೆ. ನೀರಿಗೆ ಹೊರಗೆ ಹೋಗೋಕೆ ದಾರಿ ಇಲ್ಲ ಅಂದಾಗ ಅದು ಇನ್ನೂ ಮೇಲಕ್ಕೆ ಹೋಗತ್ತೆ, ದಾರಿ ಸಿಕ್ಕ ಕಡೆ ಉಪ್ಪು ಬಿಟ್ಟು ಹೋಗತ್ತೆ, ಆ ಉಪ್ಪು ಹರಳಾಗೋವಾಗ ಇಟ್ಟಿಗೇನ ಒಳಗಿಂದಲೇ ಒಡೆಯತ್ತೆ. ಅದೂ ಅಲ್ದೆ ಹಳೇ ಇಟ್ಟಿಗೆ ಮೃದು, ಸಿಮೆಂಟು ಗಡಸು, ಬಿಸಿಲು ಮಳೆಗೆ ಗೋಡೆ ಸ್ವಲ್ಪ ಅಲುಗಿದ್ರೂ ಸುಣ್ಣದ ಗಾರೆ ತಾನು ಬಿರುಕು ಬಿಟ್ಟು ಇಟ್ಟಿಗೆನ ಉಳಿಸತ್ತೆ, ಸಿಮೆಂಟು ತಾನು ಉಳ್ಕೊಂಡು ಇಟ್ಟಿಗೆನ ಒಡೆಯತ್ತೆ.

ಸಿಮೆಂಟೆಲ್ಲಾ ಕಿತ್ತು ಒಂದೂವರೆ ತಿಂಗಳು ಗೋಡೆನ ಬೆತ್ತಲೆ ಬಿಟ್ರು, ಆರಲಿ ಅಂತ. ಧೂಳು ಎಲ್ಲಾ ಕಡೆ, ಅಡುಗೆಮನೆ ಪಾತ್ರೆ ಒಳಗೂ ಇಟ್ಟಿಗೆ ಪುಡಿ. ಆಮೇಲೆ ಸುಣ್ಣ ಮರಳು ಕಲಸಿ ತೆಳ್ಳಗೆ ಒಂದು ಪದರ, ಅದು ಆರೋತನಕ ದಿನಾ ನೀರು ಚಿಮುಕಿಸಿ, ಮತ್ತೆ ಇನ್ನೊಂದು ಪದರ, ಹೀಗೆ ಮೂರು. ಸುಣ್ಣ ಗಟ್ಟಿಯಾಗೋದು ಗಾಳಿಲಿರೋ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಹೀರ್ಕೊಂಡು, ಅವಸರ ಮಾಡಿದ್ರೆ ಬಿರುಕು ಬಿಡತ್ತೆ. ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೀಲೇಬೇಡಿ, ಬರೀ ಸುಣ್ಣ ಹೊಡೀರಿ ಅಂತ ಮೂರು ಸಲ ಹೇಳಿ ಹೋದ್ರು. ಅದಾದ್ಮೇಲೆ ಎರಡು ಮಳೆಗಾಲ ಕಳೀತು. ಈಗ್ಲೂ ಜೋರು ಮಳೆ ಬಂದಾಗ ತಳದಲ್ಲಿ ಒಂದು ಗೇಣು ಒದ್ದೆ ಕಾಣತ್ತೆ, ಮಳೆ ನಿಂತು ವಾರದಲ್ಲಿ ಆರತ್ತೆ, ವಾಸನೆ ಇಲ್ಲ, ಅಮ್ಮನ ಮಂಚ ವಾಪಸ್ ಕೆಳಗೆ ಬಂದಿದೆ. ಆದ್ರೆ ಎರಡು ವರ್ಷ ನಮ್ಮ ನೆಮ್ಮದಿ ಹೋಗಿದ್ದು ಹೋಯ್ತು, ಅದಕ್ಕೇ ಒಂದು ಮಾರ್ಕ್ ಕಟ್. ಹಳೇ ಮನೆ ಬಾಡಿಗೆಗೆ ನೋಡೋಕೆ ಹೋದಾಗ ಗೋಡೆ ತುಂಬಾ ನುಣ್ಣಗೆ ಹೊಸದಾಗಿ ಹೊಳೀತಿದ್ರೆ ಖುಷಿ ಪಡ್ಬೇಡಿ, ತಟ್ಟಿ ನೋಡಿ, ಯಾವಾಗ ಏನು ಹೊಡೆಸಿದ್ದು ಅಂತ ಕೇಳಿ.

ಇನ್ನೊಂದು ಮಾರ್ಕ್ ಕಟ್ ಆಗಿದ್ದು ಮೆಟ್ಟಿಲಿಗೆ. ಮೇಲಿನ ಮಹಡಿಗೆ ಹೋಗೋ ಮೆಟ್ಟಿಲು ಕಡಿದು, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ನಮ್ಮ ಬೀರು ಅದರಲ್ಲಿ ಹತ್ತಲೇ ಇಲ್ಲ, ಬಿಚ್ಚಿ ತುಂಡು ತುಂಡಾಗಿ ತಗೊಂಡು ಹೋದ್ವಿ. ವೈರಿಂಗು ಹಳೇದು, ಎರಡು ದೊಡ್ಡ ಮೆಷಿನ್ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹೋಗ್ತಿತ್ತು, ಅದನ್ನ ಓನರ್ ಪೂರ್ತಿ ಬದಲಾಯಿಸಿಕೊಟ್ರು. ಬೇಸಿಗೆಲಿ ದಪ್ಪ ಗೋಡೆ ವರ, ಮಧ್ಯಾಹ್ನ ಹೊರಗಿಂದ ಬಂದ್ರೆ ಗುಡಿ ಒಳಗೆ ಕಾಲಿಟ್ಟ ಹಾಗೆ ತಂಪು, ಆದ್ರೆ ಹಗಲಿನ ಬಿಸಿ ಅಷ್ಟು ದಪ್ಪ ದಾಟಿ ಒಳಗೆ ಬರೋಹೊತ್ತಿಗೆ ರಾತ್ರಿ ಆಗಿರತ್ತೆ, ಮೇಲಿನ ಕೋಣೇಲಿ ಮಲಗೋರು ಕಿಟಕಿ ತೆಗೆದೇ ಮಲಗ್ಬೇಕು. ಕಿಟಕಿ ತೆಗೆದ್ರೆ ಬೀದಿ ಸದ್ದು. ಎದುರು ಮನೆಯವ್ರು ಫೋನಲ್ಲಿ ಯಾರಿಗೆ ಏನ್ ಹೇಳಿದ್ರು ಅಂತ ನಮಗೆ ಗೊತ್ತು, ನಮ್ಮದು ಅವ್ರಿಗೂ ಗೊತ್ತಿರತ್ತೆ. ಏಕಾಂತ ತುಂಬಾ ಬೇಕು ಅನ್ನೋರಿಗೆ ಈ ಬೀದಿ ಆಗಲ್ಲ, ಅದನ್ನ ನೇರವಾಗೇ ಹೇಳ್ತೀನಿ.

ಗಾಡಿ ಬಗ್ಗೆ. ನಮ್ಮ ಗಲ್ಲಿ ಬಾಯಲ್ಲಿ ಕಬ್ಬಿಣದ ಕಂಬ ನೆಟ್ಟು ಬೀಗ ಹಾಕಿದಾರೆ, ಒಳಗೆ ಕಾರು ಬರಲ್ಲ. ಆ ಕಂಬ ಹಾಕೋವಾಗ ಅಂಗಡಿಯವ್ರೆಲ್ಲಾ ವ್ಯಾಪಾರ ಹೋಗತ್ತೆ ಅಂತ ವಿರೋಧ ಮಾಡಿದ್ರಂತೆ. ಇದು ಎಲ್ಲಾ ಕಡೆ ನಡೆದ ಕಥೆ, ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಸ್ಟ್ರೋಯೆಟ್ ಅನ್ನೋ ಮುಖ್ಯ ಬೀದಿಗೆ ಕಾರು ಬರೋದನ್ನ ನಿಲ್ಲಿಸಿದಾಗಲೂ ಅಲ್ಲಿನ ವ್ಯಾಪಾರಿಗಳು ಹೀಗೇ ಹೆದರಿದ್ರು, ಇವತ್ತು ಅದು ಒಂದು ಕಿಲೋಮೀಟರಿಗೂ ಉದ್ದದ ನಡಿಗೆ ಬೀದಿ, ಅಂಗಡಿ ತುಂಬಿದೆ. ಸ್ಪೇನಿನ ಪೊಂಟೆವೆಡ್ರಾ ಊರಲ್ಲಿ 1999ರಿಂದ ಹಳೇ ಊರೊಳಗೆ ಕಾರು ಹೊರಗಿಟ್ಟಿದಾರೆ, ಈಗ್ಲೂ ಹಾಗೇ ಇದೆ. ನಿಧಾನಕ್ಕೆ ನಡೆಯೋರೇ ಅಂಗಡಿ ಒಳಗೆ ಕಣ್ಣು ಹಾಯಿಸೋದು, ಗಾಡಿಲಿ ಹೋಗೋರು ಅಲ್ಲ. ನಮ್ಮ ಕಾರನ್ನ ಏಳು ನಿಮಿಷ ದೂರದ ಪೇ ಪಾರ್ಕಿಂಗಲ್ಲಿ ಒಂದು ವರ್ಷ ಇಟ್ಟಿದ್ವಿ, ಧೂಳು ಒರೆಸೋಕೆ ಮಾತ್ರ ಹೋಗ್ತಿದ್ವಿ, ಎರಡನೇ ವರ್ಷ ಮಾರಿದ್ವಿ. ಭಾರದ ಸಾಮಾನಿಗೆ ಎರಡು ಚಕ್ರದ ಎಳೆಯೋ ಬ್ಯಾಗ್ ತಗೊಂಡಿದೀನಿ, ಕಲ್ಲು ಹಾಸಿಗೆಗೆ ದೊಡ್ಡ ರಬ್ಬರ್ ಚಕ್ರದ್ದೇ ಬೇಕು, ಸಣ್ಣ ಪ್ಲಾಸ್ಟಿಕ್ ಚಕ್ರದ್ದು ಎರಡೇ ತಿಂಗಳಿಗೆ ಮುರೀತು.

ಕಲ್ಲು ಹಾಸಿಗೆ ಅಂದ್ರೆ ನೆನಪಾಯ್ತು, ಫೋಟೋದಲ್ಲಿ ಎಷ್ಟು ಚಂದವೋ ಮಳೇಲಿ ಅಷ್ಟೇ ಜಾರು. ನೂರಾರು ವರ್ಷ ಕಾಲು ತುಳಿದು ಮೇಲ್ಮೈ ನಯ ಆಗಿರತ್ತೆ. ಮೊದಲ ಮಳೇಲೇ ಅಮ್ಮಂಗೆ ಹಿಡಿತ ಇರೋ ರಬ್ಬರ್ ಸೋಲ್ ಚಪ್ಪಲಿ ತಂದ್ವಿ. ವೀಲ್‌ಚೇರ್ ಬಳಸೋರಿಗೆ ಈ ಗಲ್ಲಿ ಕಷ್ಟ, ನಿಜವಾಗ್ಲೂ ಕಷ್ಟ, ಪ್ರತಿ ಬಾಗಿಲಿಗೂ ಎರಡು ಮೂರು ಮೆಟ್ಟಿಲು ಬೇರೆ. ಇಟಲಿಯ ಬೊಲೋನ್ಯಾದಲ್ಲಿ ಮನೆಗಳ ಮುಂದೆಯೇ ಚಾವಣಿ ಇರೋ ನಡೆದಾರಿ ಒಟ್ಟು 62 ಕಿಲೋಮೀಟರ್ ಇದೆ, 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು, ಮಳೆ ಬಿಸಿಲು ತಾಗದೆ ಊರು ಸುತ್ತಬಹುದು. ಹಳೇದು ಅಂದ್ರೆ ಜಾರಲೇಬೇಕು, ನೆನೀಲೇಬೇಕು ಅಂತ ಏನಿಲ್ಲ, ನಡೆಯೋರನ್ನ ನೆನಪಿಟ್ಕೊಂಡು ಕಟ್ಟಿದ ಕಡೆ ಅದೂ ಸರಿಯಾಗಿರತ್ತೆ. ನಮ್ಮ ಗಲ್ಲಿಲಿ ಮಧ್ಯ ಒಂದು ಪಟ್ಟಿ ಒರಟು ಚಪ್ಪಡಿ ಹಾಕಿಸಿ ಅಂತ ಅರ್ಜಿ ಕೊಟ್ಟಿದೀವಿ.

ಮೂರನೇ ವರ್ಷದ ಒಂದು ರಾತ್ರಿ ಬಗ್ಗೆ ಹೇಳ್ದೆ ಇದ್ರೆ ಈ ರಿವ್ಯೂ ಪೂರ್ತಿ ಆಗಲ್ಲ. ರಾತ್ರಿ ಎರಡೂಮುಕ್ಕಾಲು, ಅಮ್ಮಂಗೆ ಎದೆ ಹಿಡ್ಕೊಂಡ ಹಾಗಾಯ್ತು, ಬೆವರು. ಆಂಬ್ಯುಲೆನ್ಸ್ ಹನ್ನೆರಡು ನಿಮಿಷಕ್ಕೆ ಬಂತು, ಆದ್ರೆ ಗಲ್ಲಿ ಬಾಯಲ್ಲೇ ನಿಲ್ತು, ಕಂಬದ ಬೀಗದ ಕೈ ಯಾರ ಹತ್ರ ಇತ್ತೋ ಅವ್ರು ಊರಲ್ಲಿರ್ಲಿಲ್ಲ. ಅಲ್ಲಿಂದ ನಮ್ಮ ಬಾಗಿಲಿಗೆ ನೂರಿಪ್ಪತ್ತು ಮೀಟರು. ಸ್ಟ್ರೆಚರ್ ಚಕ್ರ ಕಲ್ಲಿನ ಸಂದಿಲಿ ಸಿಕ್ಕಿ ಕುಣೀತಿತ್ತು, ಅದರಲ್ಲಿ ಮಲಗಿಸೋ ಹಾಗೇ ಇರ್ಲಿಲ್ಲ. ನಮ್ಮ ಮನೆಯವ್ರು ಅಮ್ಮನ್ನ ಮರದ ಕುರ್ಚಿ ಮೇಲೆ ಕೂರಿಸಿದ್ರು, ಅಷ್ಟರಲ್ಲಿ ಎದುರು ಮನೆ ದೀಪ ಹತ್ತಿತು, ಪಕ್ಕದ್ದು ಹತ್ತಿತು, ಗಡಿಯಾರದ ಅಂಗಡಿ ಮೇಲೆ ಮಲಗೋ ಹುಡುಗ್ರಿಬ್ರು ಬರಿಗಾಲಲ್ಲೇ ಇಳಿದು ಬಂದ್ರು, ನಾಲ್ಕು ಜನ ನಾಲ್ಕು ಕಾಲು ಹಿಡ್ಕೊಂಡು ಕುರ್ಚಿ ಸಮೇತ ಎತ್ತಿದ್ರು. ಎದುರು ಮನೆಯವ್ರು ಮುಂದೆ ಟಾರ್ಚ್ ಹಿಡಿದು "ಇಲ್ಲಿ ಮೆಟ್ಟಿಲು, ಇಲ್ಲಿ ಮೆಟ್ಟಿಲು" ಅಂತ ಹೇಳ್ತಾ ನಡೆದ್ರು. ನಾನು ಅಮ್ಮನ ಕೈ ಹಿಡ್ಕೊಂಡಿದ್ದೆ, ಕೈ ಐಸ್ ಥರ ಇತ್ತು. ಅಮ್ಮ ಉಳ್ಕೊಂಡ್ರು, ಒಂದು ಸ್ಟೆಂಟ್ ಹಾಕಿದಾರೆ. ಮಗಳ ಹತ್ರ ಅವತ್ತು ರಾತ್ರಿ ಯಾರು ಮಲಗಿದ್ರು ಅಂತ ನಂಗೆ ಬೆಳಿಗ್ಗೆನೇ ಗೊತ್ತಾಗಿದ್ದು, ನಾವು ಯಾರಿಗೂ ಹೇಳೇ ಇರ್ಲಿಲ್ಲ, ಪಕ್ಕದ ಮನೆಯವ್ರೇ ಬಂದು ಮಲಗಿದ್ರು.

ಆದ್ರೆ ಬೀಗದ ಕೈ ಸಿಗದೆ ಗಲ್ಲಿಲಿ ಹತ್ತು ನಿಮಿಷ ಕಳೆದಿದ್ದು ತಪ್ಪು, ಅದನ್ನ ನೆರೆಹೊರೆಯವ್ರ ಒಳ್ಳೇತನದಲ್ಲಿ ಮುಚ್ಚಿಹಾಕೋಕೆ ನಾನು ತಯಾರಿಲ್ಲ. ಆ ವಾರವೇ ಎಲ್ರೂ ಕೂತು ಮಾತಾಡಿ ಕೀ ಆರು ಕಾಪಿ ಮಾಡ್ಸಿದ್ವಿ, ಗಲ್ಲಿಯ ಎರಡೂ ತುದಿಲಿ ಮೂರು ಮೂರು ಮನೇಲಿ, ಯಾರು ಊರಿಗೆ ಹೋದ್ರೂ ಉಳಿದವ್ರ ಹತ್ರ ಇರೋ ಹಾಗೆ. ಆಂಬ್ಯುಲೆನ್ಸ್ ಸರ್ವಿಸಿಗೆ ಫೋನ್ ಮಾಡೋವಾಗ ಯಾವ ತುದಿಗೆ ಬನ್ನಿ ಅಂತ ಹೇಳ್ಬೇಕು ಅನ್ನೋದನ್ನ ಒಂದು ಚೀಟಿಲಿ ಬರೆದು ಪ್ರತಿ ಮನೆ ಬಾಗಿಲ ಹಿಂದೆ ಅಂಟಿಸಿದೀವಿ. ನೀವು ಇಂಥ ಜಾಗಕ್ಕೆ ಹೋಗೋ ಹಾಗಿದ್ರೆ ಮೊದಲನೇ ದಿನವೇ ಕೇಳ್ಬೇಕಾದ ಪ್ರಶ್ನೆ ಇದು, ಬೀಗದ ಕೈ ಎಲ್ಲಿದೆ, ಬೆಂಕಿ ನಂದಿಸೋ ಗಾಡಿ ಎಲ್ಲಿ ತನಕ ಬರತ್ತೆ, ಹತ್ರದ ನೀರಿನ ಹೈಡ್ರಂಟ್ ಎಲ್ಲಿ. ಮರದ ತೊಲೆ ಇರೋ ಮನೆಗಳು ಒತ್ತೊತ್ತಾಗಿರೋ ಕಡೆ ಇದು ಬರೀ ನಿಮ್ಮ ಮನೆ ವಿಷಯ ಅಲ್ಲ.

ನಂಗೆ ಈಗ ನಿಜವಾಗಿ ಭಯ ಇರೋದು ಬೇರೆ ವಿಷಯಕ್ಕೆ. ನಾವು ಬಂದಾಗ ಈ ಗಲ್ಲಿಲಿ ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡೋ ಮನೆ ಒಂದಿತ್ತು, ಈಗ ನಾಲ್ಕು. ಬಾಗಿಲ ಪಕ್ಕ ನಂಬರ್ ಒತ್ತೋ ಕೀ ಡಬ್ಬಿ ನೇತಾಕಿರ್ತಾರೆ, ಅದು ಕಂಡ್ರೆ ಗೊತ್ತಾಗತ್ತೆ. ಬರೋ ಜನ ಕೆಟ್ಟೋರಲ್ಲ, ಆದ್ರೆ ಮೂರು ದಿನಕ್ಕೆ ಬಂದು ಹೋಗೋರಿಗೆ ಗಡಿಯಾರದ ಅಂಗಡಿ ಬೇಡ, ಬಟ್ಟೆ ಆಲ್ಟರ್ ಬೇಡ, ಆ ರಾತ್ರಿ ದೀಪ ಹತ್ತಿಸೋಕೂ ಅವ್ರಿಗೆ ನಮ್ಮ ಗುರುತಿಲ್ಲ. ವೆನಿಸ್‌ನ ಹಳೇ ಊರಲ್ಲಿ 1950ರ ದಶಕದ ಶುರುವಲ್ಲಿ ಸುಮಾರು 1,75,000 ಜನ ಇದ್ರು, 2022ರಲ್ಲಿ ಅದು 50,000ಕ್ಕಿಂತ ಕೆಳಗೆ ಇಳೀತು. ಕಲ್ಲು, ಸೇತುವೆ, ಕಾಲುವೆ ಎಲ್ಲಾ ಇದೆ, ಇರೋರು ಇಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2019ರಲ್ಲಿ ಇಡೀ ಮನೆನ ಪ್ರವಾಸಿಗಳಿಗೆ ವರ್ಷಕ್ಕೆ 30 ರಾತ್ರಿ ಮಾತ್ರ ಕೊಡಬಹುದು ಅಂತ ಮಿತಿ ಹಾಕಿದ್ರು, ಬಾರ್ಸಿಲೋನಾದವ್ರು 2024ರಲ್ಲಿ ಇನ್ನೂ ಮುಂದೆ ಹೋಗಿ, 10,101 ಪ್ರವಾಸಿ ಫ್ಲಾಟ್‌ಗಳ ಲೈಸೆನ್ಸ್ 2028ರ ನವೆಂಬರ್ ಆದ್ಮೇಲೆ ರಿನ್ಯೂ ಮಾಡಲ್ಲ ಅಂತ ಘೋಷಿಸಿದ್ರು. ಕಟ್ಟಡ ಉಳಿಸೋ ಕಾನೂನು ಬಹಳ ಹಿಂದಿಂದ ಇದೆ, ಅಮೆರಿಕದ ಚಾರ್ಲ್ಸ್‌ಟನ್ ಊರು 1931ರಲ್ಲೇ ಹಳೇ ಬಡಾವಣೆ ರಕ್ಷಣೆಗೆ ನಿಯಮ ಮಾಡ್ತು, ಫ್ರಾನ್ಸ್ 1962ರಲ್ಲಿ ಇಡೀ ಬಡಾವಣೆಗಳನ್ನೇ ಕಾಪಾಡೋ ಕಾನೂನು ತಂತು. ಗೋಡೆ ಬಣ್ಣ, ಕಿಟಕಿ ಆಕಾರ, ಹೆಂಚು ಎಲ್ಲಕ್ಕೂ ಪರ್ಮಿಷನ್ ಬೇಕು. ಒಳಗೆ ಇರೋರು ಉಳೀಲಿ ಅನ್ನೋ ನಿಯಮ ಮಾತ್ರ ತೀರಾ ಈಚೆಗೆ ಬರ್ತಾ ಇದೆ. ನಾವು ಬಾಡಿಗೆಯವ್ರು, ಓನರ್ ಮನಸ್ಸು ಬದಲಾದ್ರೆ ನಾಳೆ ಹೋಗ್ಬೇಕಾದೋರು, ಅದಕ್ಕೇ ಈ ವಿಷಯ ನಂಗೆ ರಾತ್ರಿ ನಿದ್ದೆ ಕೆಡಿಸತ್ತೆ.

ಮಗಳ ಬಗ್ಗೆ ಎರಡು ಮಾತು. ಅವಳ ಸ್ಕೂಲು ಎಂಟು ನಿಮಿಷ, ಲೈಬ್ರರಿ ನಾಲ್ಕು ನಿಮಿಷ. ಮೊದಲನೇ ವರ್ಷ ನಾನು ಜೊತೆಗೆ ಹೋಗ್ತಿದ್ದೆ, ಆಮೇಲೆ ಅರ್ಧ ದಾರಿ, ಈಗ ಒಬ್ಬಳೇ ಹೋಗ್ತಾಳೆ. ಹೋದ ತಿಂಗಳು ಲೈಬ್ರರಿಯಿಂದ ಬರೋದು ತಡ ಆಯ್ತು, ನಾನು ಗಾಬರಿಲಿ ಹೊರಟ್ರೆ ಬೀಗದ ಅಂಗಡಿಯವ್ರು "ಈಗ ತಾನೆ ಹೋದ್ಳು, ಪುಸ್ತಕ ಓದ್ಕೊಂಡೇ ನಡೀತಿದ್ಳು, ಮುಂದೆ ನೋಡ್ಕೊಂಡ್ ಹೋಗು ಅಂತ ಹೇಳ್ದೆ" ಅಂದ್ರು. ಮೂರು ಅಂಗಡಿ ದಾಟೋಷ್ಟರಲ್ಲಿ ಇನ್ನಿಬ್ರು ಅದನ್ನೇ ಹೇಳಿದ್ರು. ಬೀದಿ ಮೇಲೆ ಕಣ್ಣಿರ್ಬೇಕು ಅಂತ ಜೇಕಬ್ಸ್ ಬರೆದಿದ್ದು ಇದನ್ನೇ ಇರ್ಬೇಕು. ಕ್ಯಾಮೆರಾ ಇದ್ದಿದ್ರೆ ಅವಳು ಹೋದ ಟೈಮು ಹೇಳ್ತಿತ್ತು, ಮುಂದೆ ನೋಡ್ಕೊಂಡು ನಡಿ ಅಂತ ಅವಳಿಗೆ ಹೇಳ್ತಿರ್ಲಿಲ್ಲ.

ಮನೆ ನೋಡೋಕೆ ಹೋಗೋರಿಗೆ ಒಂದು ಮಾತು, ಭಾನುವಾರ ಮಧ್ಯಾಹ್ನ ಹೋಗ್ಬೇಡಿ, ಹೋದ್ರೂ ಅಷ್ಟಕ್ಕೇ ನಿಲ್ಲಿಸ್ಬೇಡಿ. ವಾರದ ದಿನ ಬೆಳಿಗ್ಗೆ ಸಾಮಾನಿನ ಗಾಡಿ ಇಳಿಸೋ ಹೊತ್ತಲ್ಲಿ ಒಂದ್ಸಲ, ರಾತ್ರಿ ಹತ್ತಾದ್ಮೇಲೆ ಒಂದ್ಸಲ, ಸಾಧ್ಯ ಆದ್ರೆ ಮಳೆ ಬರ್ತಿರೋವಾಗ ಒಂದ್ಸಲ ಹೋಗಿ, ಮನೇಲಿರೋ ಅತಿ ನಿಧಾನ ನಡೆಯೋರನ್ನ ಕರ್ಕೊಂಡು ಹೋಗಿ. ಅವ್ರಿಗೆ ದಿನಾ ಬೇಕಾಗೋ ನಾಲ್ಕು ಜಾಗಕ್ಕೆ ಅವ್ರ ಜೊತೆನೇ ನಡೆದು ನೋಡಿ, ಮ್ಯಾಪಲ್ಲಿ ತೋರ್ಸೋ ನಿಮಿಷ ನಂಬ್ಬೇಡಿ, ಅದು ಅಮ್ಮನ ನಿಮಿಷ ಅಲ್ಲ. ದಾರಿಲಿ ಕೂರೋಕೆ ಜಾಗ ಇದೆಯಾ ನೋಡಿ. ನಮ್ಮ ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ಒಂದು ಕಲ್ಲಿನ ಕಟ್ಟೆ ಇದೆ, ಇಬ್ರು ಕೂರಬಹುದು, ಸಂಜೆ ಅಮ್ಮ ಅಲ್ಲಿರ್ತಾರೆ, ದಾರಿಲಿ ಸುಸ್ತಾದೋರು ಯಾರಾದ್ರೂ ಪಕ್ಕ ಬಂದು ಕೂತ್ಕೊಳ್ತಾರೆ, ಗುರುತಿರ್ಬೇಕು ಅಂತೇನಿಲ್ಲ.

ಹೋದ ವಾರ ಬಾಡಿಗೆ ಕರಾರು ರಿನ್ಯೂ ಆಯ್ತು, ಇನ್ನು ಮೂರು ವರ್ಷಕ್ಕೆ. ಎರಡು ವಿಷಯ ಬರೆಸಿದೀವಿ, ಗೋಡೆಗೆ ಸುಣ್ಣ ಬಿಟ್ಟು ಬೇರೇನೂ ಹೊಡೆಸಬಾರ್ದು, ಮೆಟ್ಟಿಲಿಗೆ ಈ ತಿಂಗಳೊಳಗೆ ಕಂಬಿ ಹಾಕಿಸ್ಬೇಕು. ಎಲ್ಲಾ ಓದಿ ಸೈನ್ ಮಾಡೋಕೆ ಪೆನ್ ತೆಗೆದಾಗ ಓನರ್ ಮಾತಿಗೆ ಮಾತು ಬಂದು, ಆ ಹೊರಗಿನ ಕಟ್ಟೆ ಒಡೆಸಿದ್ರೆ ಒಂದು ಸ್ಕೂಟರ್ ನಿಲ್ಲಿಸಬಹುದು ನೋಡಿ ಅಂದ್ರು. ಅಮ್ಮ ಒಳಗಿಂದ್ಲೇ "ಅದನ್ನೂ ಬರ್ಕೊಳ್ಳಿ, ಕಟ್ಟೆ ಮುಟ್ಟೋ ಹಾಗಿಲ್ಲ ಅಂತ" ಅಂದ್ರು. ಓನರ್ ಒಂದು ಕ್ಷಣ ಸುಮ್ನಿದ್ದು, ಟೈಪ್ ಮಾಡಿದ ಕಾಗದದ ಕೆಳಗೆ ಕೈಯಲ್ಲೇ ಆ ಸಾಲು ಬರೆದು ಸೈನ್ ಹಾಕಿದ್ರು.